ಡಾರ್ಟ್ಸನ್ನೇ ನಂಬಿ ಕೆಲಸ ಬಿಡಬಹುದಾ?

ಪ್ರಶ್ನೆ: ನನಗೆ 26 ವರ್ಷ. ಗೋದಾಮಿನಲ್ಲಿ ಕೆಲಸ. ಐದಾರು ವರ್ಷದಿಂದ ಡಾರ್ಟ್ಸ್, ಅಂದರೆ ಬೋರ್ಡಿಗೆ ಸಣ್ಣ ಬಾಣ ಎಸೆಯುವ ಆಟ, ಆಡುತ್ತಿದ್ದೇನೆ. ಮನೆಯ ಬೋರ್ಡಿನಲ್ಲಿ ಆವರೇಜ್ (ಮೂರು ಡಾರ್ಟಿಗೆ ಬರುವ ಸರಾಸರಿ ಅಂಕ) 80ರ ಸುತ್ತ ಇರುತ್ತದೆ, ಕೈ ಕೂಡಿಬಂದ ದಿನ 90 ದಾಟುತ್ತದೆ. ಮೂರು ಡಾರ್ಟಿನ ಗರಿಷ್ಠ ಅಂಕವಾದ 180 ಕೂಡ ಆಗಾಗ ಬೀಳುತ್ತದೆ. ಹದಿಹರೆಯದಲ್ಲೇ ವಿಶ್ವ ಚಾಂಪಿಯನ್ ಆದ ಲೂಕ್ ಲಿಟ್ಲರ್ ಆಟ ನೋಡಿದ ಮೇಲೆ ಕೆಲಸ ಬಿಟ್ಟು ಪೂರ್ತಿ ಇದಕ್ಕೇ ಇಳಿಯೋಣ ಅನ್ನಿಸುತ್ತಿದೆ. ವೃತ್ತಿಪರ ಆಟಗಾರರ ಬದುಕು ನಿಜಕ್ಕೂ ಹೇಗಿರುತ್ತದೆ? ದುಡ್ಡು ಎಲ್ಲಿಂದ ಬರುತ್ತದೆ? ಎಷ್ಟು ವಯಸ್ಸಿನವರೆಗೆ ಆಡಬಹುದು?

ಉತ್ತರ: ಕೆಲಸ ಈಗಲೇ ಬಿಡಬೇಡಿ. ಆಸೆಯನ್ನೂ ಬಿಡಬೇಡಿ. 26 ಈ ಆಟಕ್ಕೆ ತಡವಾದ ವಯಸ್ಸೇ ಅಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ. ಅದಕ್ಕೂ ಮುಂಚೆ ಒಂದು ಮಾತು. ನಿಮ್ಮ ಪ್ರಶ್ನೆಯಲ್ಲಿ ಸಾಧಾರಣ ದಿನದ ಆವರೇಜ್ ಇದೆ, ಒಳ್ಳೆಯ ದಿನದ್ದೂ ಇದೆ. ಕೈ ಕೊಟ್ಟ ದಿನದ್ದು ಇಲ್ಲ. ಒಬ್ಬ ಆಟಗಾರ ಟೂರ್‌ನಲ್ಲಿ, ಅಂದರೆ ವೃತ್ತಿಪರರ ವರ್ಷವಿಡೀ ನಡೆಯುವ ಪಂದ್ಯಾವಳಿಗಳಲ್ಲಿ, ನಿಲ್ಲುತ್ತಾನಾ ಇಲ್ಲವಾ ಅಂತ ಅಂದಾಜು ಮಾಡಲು ನನಗೆ ಮೊದಲು ಬೇಕಾಗುವುದೇ ಆ ಸಂಖ್ಯೆ. ಒಳ್ಳೆಯ ದಿನ ಎಲ್ಲರೂ ಚೆನ್ನಾಗಿ ಆಡುತ್ತಾರೆ. ಊಟ ಕೊಡುವುದು ಕೆಟ್ಟ ದಿನದ ಆಟ.

ಲೆಕ್ಕ ನೋಡಿ. ಪಂದ್ಯದ ಒಂದೊಂದು ಆಟಕ್ಕೆ ಲೆಗ್ ಅನ್ನುತ್ತಾರೆ, ಅದರಲ್ಲಿ 501ರಿಂದ ಸೊನ್ನೆಗೆ ಇಳಿಯಬೇಕು. 80 ಆವರೇಜ್ ಇರುವವರಿಗೆ 501 ಮುಗಿಸಲು ಸುಮಾರು 19 ಡಾರ್ಟ್ ಬೇಕು. 90 ಇದ್ದರೆ 17 ಸಾಕು. 100 ಇದ್ದರೆ 15. ಎದುರಾಳಿ ತನ್ನ 15ನೇ ಡಾರ್ಟಿನಲ್ಲಿ ಲೆಗ್ ಮುಗಿಸುವ ಹೊತ್ತಿಗೆ, ಮೊದಲು ಎಸೆದವರು ನೀವೇ ಆಗಿದ್ದರೂ ನಿಮ್ಮ ಮುಂದೆ ಇನ್ನೂ 101 ಉಳಿದಿರುತ್ತದೆ. ಅವರು ಮೊದಲು ಎಸೆದಿದ್ದರೆ ಉಳಿಯುವುದು 181. ಆ ಲೆಗ್ ಹತ್ತಿರದ ಪೈಪೋಟಿಯೇ ಅಲ್ಲ. ಟೂರ್‌ನಲ್ಲಿ ಆಡುವ ಬಹುಪಾಲು ಮಂದಿ 90ರ ಆಸುಪಾಸಿನಲ್ಲಿ ಅಥವಾ ಅದರ ಮೇಲೆ ಇರುತ್ತಾರೆ. ಅದೂ ಮನೆಯಲ್ಲಿ ಅಲ್ಲ. ಎದುರಾಳಿ ಎಸೆಯುವುದನ್ನು ಕಾಯುತ್ತಾ ನಿಂತು, ಪಕ್ಕದ ಬೋರ್ಡಿನ ಗಲಾಟೆ ಕೇಳುತ್ತಾ, ಬೆಳಿಗ್ಗೆ ಆರಕ್ಕೆ ಎದ್ದು ಬಂದ ದಿನ. ಮನೆಯ ಬೋರ್ಡಿನಲ್ಲಿ ಒಬ್ಬರೇ ಆಡುವಾಗ ಬರುವ 80, ಪಂದ್ಯದಲ್ಲಿ ಕೆಲವರಿಗೆ 70ಕ್ಕೆ ಇಳಿಯುತ್ತದೆ. ಕೆಲವರಿಗೆ ಏರುತ್ತದೆ. ನೀವು ಯಾವ ಬಗೆಯವರು ಅನ್ನುವುದು ಪಂದ್ಯ ಆಡದೆ ಗೊತ್ತಾಗುವುದಿಲ್ಲ.

ಈಗ ವೃತ್ತಿಪರ ಲೋಕದ ಬಾಗಿಲು ಎಲ್ಲಿದೆ ಅಂತ ನೋಡೋಣ. ಇವತ್ತು ದೊಡ್ಡ ದುಡ್ಡಿರುವ ಡಾರ್ಟ್ಸ್ ನಡೆಯುವುದು ಪಿಡಿಸಿ, ಅಂದರೆ ಪ್ರೊಫೆಷನಲ್ ಡಾರ್ಟ್ಸ್ ಕಾರ್ಪೊರೇಷನ್ ಅಡಿಯಲ್ಲಿ. 1992ರಲ್ಲಿ ಎರಿಕ್ ಬ್ರಿಸ್ಟೋ, ಜಾನ್ ಲೋ, ಫಿಲ್ ಟೇಲರ್, ಡೆನಿಸ್ ಪ್ರೀಸ್ಟ್‌ಲಿ ಸೇರಿ 16 ಆಟಗಾರರು ಹಳೆಯ ಬ್ರಿಟಿಷ್ ಸಂಸ್ಥೆಯ ಜೊತೆ ಮುನಿಸಿಕೊಂಡು ಬೇರೆಯಾದರು. ಟಿವಿಯಲ್ಲಿ ಆಟ ಕಡಿಮೆಯಾಗಿ ಆದಾಯ ಬತ್ತಿದ್ದೇ ಆ ಸಿಟ್ಟಿಗೆ ದೊಡ್ಡ ಕಾರಣ. ಅವರು ಕಟ್ಟಿದ್ದೇ ಈಗಿನ ಪಿಡಿಸಿ. ಅದರ ಮುಖ್ಯ ಟೂರ್‌ನಲ್ಲಿ ಆಡಲು ಟೂರ್ ಕಾರ್ಡ್ ಬೇಕು. ಕಾರ್ಡ್ ಇರುವವರು ಒಟ್ಟು 128 ಮಂದಿ, ಇಡೀ ಜಗತ್ತಿಗೆ ಸೇರಿ. ಕಾರ್ಡಿನ ಅವಧಿ ಎರಡು ವರ್ಷ.

ಕಾರ್ಡ್ ಪಡೆಯುವ ಪ್ರಸಿದ್ಧ ದಾರಿ ಪ್ರತಿ ಜನವರಿಯಲ್ಲಿ ನಡೆಯುವ ಕ್ಯೂ-ಸ್ಕೂಲ್. ಇದು ಶಾಲೆಯಲ್ಲ, ಅರ್ಹತಾ ಪಂದ್ಯಾವಳಿ. ಬ್ರಿಟನ್ನಿನ ಕಡೆಯವರಿಗೆ ಮಿಲ್ಟನ್ ಕೀನ್ಸ್, ಯುರೋಪಿನ ಕಡೆಯವರಿಗೆ ಜರ್ಮನಿಯ ಕಾಲ್ಕರ್ ಇತ್ತೀಚಿನ ವರ್ಷಗಳಲ್ಲಿ ಜಾಗವಾಗಿವೆ. ಶುಲ್ಕ ಕಟ್ಟಿ ಯಾರು ಬೇಕಾದರೂ ಹೆಸರು ಕೊಡಬಹುದು, ಗಂಡು ಹೆಣ್ಣು ಎಂಬ ಭೇದವಿಲ್ಲ. 2020ರಲ್ಲಿ ಲಿಸಾ ಆ್ಯಷ್ಟನ್ ಈ ದಾರಿಯಲ್ಲೇ ಕಾರ್ಡ್ ಗೆದ್ದ ಮೊದಲ ಮಹಿಳೆಯಾದರು. ಮೊದಲ ಹಂತದಲ್ಲಿ ಗೆದ್ದವರು ಎರಡನೇ ಹಂತಕ್ಕೆ ಹೋಗುತ್ತಾರೆ. ಅಲ್ಲಿ ದಿನದ ಕೊನೆಯವರೆಗೆ ಸೋಲದೆ ಉಳಿದವರಿಗೆ ನೇರವಾಗಿ ಕಾರ್ಡ್. ಉಳಿದ ಕಾರ್ಡುಗಳು ಎಲ್ಲ ದಿನಗಳ ಅಂಕ ಕೂಡಿಸಿದ ಪಟ್ಟಿಯ ಮೇಲಿನವರಿಗೆ.

ಇಲ್ಲೇ ಕೆಟ್ಟ ದಿನದ ಮಾತು ಬರುವುದು. ಒಂದು ದಿನ ಅದ್ಭುತವಾಗಿ ಆಡಿ ಉಳಿದ ದಿನ ಮೊದಲ ಸುತ್ತಲ್ಲೇ ಮನೆಗೆ ಹೋದರೆ ಪಟ್ಟಿಯಲ್ಲಿ ಮೇಲೇರುವುದು ಕಷ್ಟ. ದಿನಾ ಎರಡು ಮೂರು ಪಂದ್ಯ ಗೆಲ್ಲುವವರು ಸದ್ದಿಲ್ಲದೆ ಕಾರ್ಡ್ ತೆಗೆದುಕೊಂಡು ಹೋಗುತ್ತಾರೆ.

ಕ್ಯೂ-ಸ್ಕೂಲಿನಲ್ಲಿ ಕಾರ್ಡ್ ಸಿಗಲಿಲ್ಲ ಅಂದರೆ ಆಟ ಮುಗಿಯಿತು ಅಂತಲ್ಲ. ಕಾರ್ಡ್ ಇಲ್ಲದವರಿಗೆ ಚಾಲೆಂಜ್ ಟೂರ್ ಇದೆ. 16ರಿಂದ 24 ವರ್ಷದವರಿಗೆ ಡೆವಲಪ್‌ಮೆಂಟ್ ಟೂರ್ ಇದೆ; ನಿಮ್ಮ ವಯಸ್ಸು ದಾಟಿದೆ. ಮಹಿಳೆಯರಿಗೆ ಪ್ರತ್ಯೇಕ ಸರಣಿ ಇದೆ. ಏಷ್ಯಾ, ಉತ್ತರ ಅಮೆರಿಕ, ನಾರ್ಡಿಕ್ ದೇಶಗಳಂಥ ಕಡೆ ಪ್ರಾದೇಶಿಕ ಟೂರ್‌ಗಳಿವೆ, ಅವುಗಳಿಂದ ವಿಶ್ವ ಚಾಂಪಿಯನ್‌ಷಿಪ್‌ಗೆ ಜಾಗವೂ ಸಿಗುತ್ತದೆ. ಚಾಲೆಂಜ್ ಟೂರನ್ನು ಕಡೆಗಣಿಸಬೇಡಿ. ಎಲೆಕ್ಟ್ರಿಷಿಯನ್ ಆಗಿದ್ದ ರಾಬ್ ಕ್ರಾಸ್ 2016ರಲ್ಲಿ ಅದರಲ್ಲಿ ಮೊದಲ ಸ್ಥಾನ ಪಡೆದು ಕಾರ್ಡ್ ಗಳಿಸಿದರು. ಒಂದೇ ವರ್ಷದ ನಂತರ, 2018ರ ಜನವರಿ 1ರಂದು, ಫೈನಲ್‌ನಲ್ಲಿ ಫಿಲ್ ಟೇಲರ್ ಅವರನ್ನು 7-2ರಿಂದ ಸೋಲಿಸಿ ವಿಶ್ವ ಚಾಂಪಿಯನ್ ಆದರು. ಅದು ಟೇಲರ್ ಅವರ ಕೊನೆಯ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ.

ಕಾರ್ಡ್ ಬಂತು ಅಂತಿಟ್ಟುಕೊಳ್ಳಿ. ಸಂಬಳ ಬರುವುದಿಲ್ಲ. ಇದನ್ನು ಎಷ್ಟು ಸಲ ಹೇಳಿದರೂ ಹೊಸಬರ ಕಿವಿಗೆ ಬೀಳುವುದಿಲ್ಲ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ಕಾರ್ಡ್ ಅಂದರೆ ಆಡುವ ಹಕ್ಕು, ಅಷ್ಟೇ. ಪ್ರಯಾಣ, ಹೋಟೆಲ್, ಊಟ ಎಲ್ಲ ನಿಮ್ಮದೇ. ವರ್ಷದ ಬಹುಪಾಲು ಆಟ ಟಿವಿಯಲ್ಲಿ ಕಾಣುವ ಬೆಳಕು, ಹಾಡು, ಕುಣಿಯುವ ಜನ ಇರುವ ಕಡೆ ನಡೆಯುವುದಿಲ್ಲ. ಅದು ನಡೆಯುವುದು ಪ್ಲೇಯರ್ಸ್ ಚಾಂಪಿಯನ್‌ಷಿಪ್ ಎಂಬ ಒಂದು ದಿನದ ಪಂದ್ಯಾವಳಿಗಳಲ್ಲಿ. 2025ರಲ್ಲಿ ಇವು 34 ಇದ್ದವು. ಲೆಸ್ಟರ್, ವಿಗನ್, ಹಿಲ್ಡೆಸ್‌ಹೈಮ್‌ನಂಥ ಊರುಗಳ ದೊಡ್ಡ ಹಾಲ್‌ಗಳಲ್ಲಿ ಸಾಲಾಗಿ ಬೋರ್ಡ್ ಹಾಕಿರುತ್ತಾರೆ. 128 ಮಂದಿ, ಸೆಮಿಫೈನಲ್‌ಗೆ ಮುಂಚಿನ ಸುತ್ತುಗಳಲ್ಲಿ ಆರು ಲೆಗ್ ಮೊದಲು ಗೆದ್ದವರು ಮುಂದಕ್ಕೆ. ಪ್ರಶಸ್ತಿ ಗೆಲ್ಲಲು ಒಂದೇ ದಿನ ಏಳು ಪಂದ್ಯ ಗೆಲ್ಲಬೇಕು. ಬೆಳಿಗ್ಗೆ ಮೊದಲ ಪಂದ್ಯ ಸೋತರೆ ಅರ್ಧ ಗಂಟೆಯೊಳಗೆ ನಿಮ್ಮ ದಿನ ಮುಗಿಯಿತು. ಮೊದಲ ಸುತ್ತಲ್ಲಿ ಸೋತವರು ವರ್ಷಗಟ್ಟಲೆ ಬರಿಗೈಯಲ್ಲೇ ಹೋಗಿದ್ದಾರೆ. ವಿಮಾನದ ಟಿಕೆಟ್, ಎರಡು ರಾತ್ರಿಯ ಹೋಟೆಲ್, ಇಪ್ಪತ್ತು ನಿಮಿಷದ ಆಟ. ಇಂಥ ವಾರಗಳು ಪ್ರತಿಯೊಬ್ಬ ಆಟಗಾರನ ಬದುಕಿನಲ್ಲೂ ಬರುತ್ತವೆ.

ಕ್ರಮಾಂಕ ಪಟ್ಟಿ ಹೇಗೆ ತಯಾರಾಗುತ್ತದೆ ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ, ಯಾಕೆಂದರೆ ವೃತ್ತಿಯ ಏರಿಳಿತವೆಲ್ಲ ಅದರಲ್ಲೇ ಇದೆ. ಪಿಡಿಸಿಯ ಆರ್ಡರ್ ಆಫ್ ಮೆರಿಟ್‌ನಲ್ಲಿ ಬೇರೆ ಅಂಕವಿಲ್ಲ. ಕ್ರಮಾಂಕದ ಟೂರ್ನಿಗಳಲ್ಲಿ ಕಳೆದ ಎರಡು ವರ್ಷ ಗೆದ್ದ ಬಹುಮಾನದ ಹಣವೇ ಅಂಕ. ಒಂದು ಟೂರ್ನಿಯಲ್ಲಿ ಇವತ್ತು ಗೆದ್ದ ಹಣ ಎರಡು ವರ್ಷ ಕಳೆದ ಮೇಲೆ ಪಟ್ಟಿಯಿಂದ ಬಿದ್ದುಹೋಗುತ್ತದೆ. ಬ್ಯಾಂಕಿನಲ್ಲಿ ಹಣ ಇರಬಹುದು, ಪಟ್ಟಿಯಲ್ಲಿ ಇರುವುದಿಲ್ಲ. ಆಟಗಾರರು ಇದಕ್ಕೆ ದುಡ್ಡು ಡಿಫೆಂಡ್ ಮಾಡುವುದು ಅನ್ನುತ್ತಾರೆ. ಮೈಕೆಲ್ ಸ್ಮಿತ್ 2023ರ ಫೈನಲ್‌ನಲ್ಲಿ ಅತಿ ಕಡಿಮೆ, ಅಂದರೆ ಒಂಬತ್ತೇ ಡಾರ್ಟಿನ ಲೆಗ್ ಹೊಡೆದು ವಿಶ್ವ ಚಾಂಪಿಯನ್ ಆದವರು, ಬಹುಮಾನ 5 ಲಕ್ಷ ಪೌಂಡ್. ಎರಡು ವರ್ಷದ ನಂತರ ಅದೇ ಟೂರ್ನಿಯಲ್ಲಿ ಅವರು ತಮ್ಮ ಮೊದಲ ಪಂದ್ಯದಲ್ಲೇ ಸೋತರು. ಆ 5 ಲಕ್ಷ ಒಂದೇ ಏಟಿಗೆ ಜಾರಿ, ಎರಡನೇ ಕ್ರಮಾಂಕದಲ್ಲಿದ್ದವರು ಮೊದಲ ಹದಿನಾರರಿಂದ ಹೊರಗೆ ಬಿದ್ದರು. ಅಷ್ಟು ದೊಡ್ಡ ಆಟಗಾರರಿಗೇ ಹೀಗೆ.

ಹೊಸಬರಿಗೆ ಇದರ ಅರ್ಥ ಬೇರೆ. ಎರಡು ವರ್ಷ ಮುಗಿದಾಗ ಮೊದಲ 64ರಲ್ಲಿ ಇದ್ದರೆ ಕಾರ್ಡ್ ಉಳಿಯುತ್ತದೆ. ಇಲ್ಲದಿದ್ದರೆ ಹೋಗುತ್ತದೆ, ಮತ್ತೆ ಕ್ಯೂ-ಸ್ಕೂಲ್. ನೀವು ಸೊನ್ನೆಯಿಂದ ಶುರು ಮಾಡುತ್ತೀರಿ, ಎದುರಿಗಿರುವವರ ಲೆಕ್ಕದಲ್ಲಿ ಆಗಲೇ ಎರಡು ವರ್ಷದ ಹಣ ಇರುತ್ತದೆ. ಹಾಗಾಗಿ ಮೊದಲ ವರ್ಷದ ಪಟ್ಟಿ ನೋಡಿ ಎದೆ ಒಡೆದುಕೊಳ್ಳಬಾರದು. ಎರಡನೇ ವರ್ಷದ ಕೊನೆಯ ತಿಂಗಳುಗಳೇ ನಿರ್ಧರಿಸುವುದು. ಒಮ್ಮೆ ವಿಶ್ವ ಚಾಂಪಿಯನ್‌ಷಿಪ್‌ಗೆ ಅರ್ಹತೆ ಸಿಕ್ಕಿ ಅಲ್ಲಿ ಒಂದೆರಡು ಪಂದ್ಯ ಗೆದ್ದರೆ, ವರ್ಷವಿಡೀ ಸಣ್ಣ ಹಾಲ್‌ಗಳಲ್ಲಿ ಬೆವರು ಸುರಿಸಿ ಗಳಿಸಿದ್ದಕ್ಕಿಂತ ಜಾಸ್ತಿ ಪಟ್ಟಿಗೆ ಸೇರಬಹುದು. 2026ರ ಆವೃತ್ತಿಯಿಂದ ಅಲ್ಲಿ 128 ಆಟಗಾರರು, ಒಟ್ಟು ಬಹುಮಾನ 50 ಲಕ್ಷ ಪೌಂಡ್, ಚಾಂಪಿಯನ್‌ಗೆ 10 ಲಕ್ಷ. 1978ರಲ್ಲಿ ನಡೆದ ಮೊದಲ ವಿಶ್ವ ಚಾಂಪಿಯನ್‌ಷಿಪ್ ಗೆದ್ದ ಲೇಟನ್ ರೀಸ್ ಅವರಿಗೆ ಸಿಕ್ಕಿದ್ದು 3,000 ಪೌಂಡ್.

ಬಹುಮಾನದ ಹಣ ಬಿಟ್ಟರೆ ಉಳಿದ ಆದಾಯ ಪ್ರಾಯೋಜಕರು ಮತ್ತು ಪ್ರದರ್ಶನ ಪಂದ್ಯಗಳದ್ದು. ಡಾರ್ಟ್ ತಯಾರಿಸುವ ಟಾರ್ಗೆಟ್, ವಿನ್‌ಮೌ, ಯೂನಿಕಾರ್ನ್, ರೆಡ್ ಡ್ರ್ಯಾಗನ್‌ನಂಥ ಕಂಪನಿಗಳು ಮೇಲಿನವರ ಹೆಸರಿನಲ್ಲಿ ಡಾರ್ಟ್ ಮಾರುತ್ತವೆ. ಅಂಗಿಯ ಮೇಲಿನ ಲೋಗೋಗಳಿಗೂ ದುಡ್ಡು ಬರುತ್ತದೆ. ವಾರಾಂತ್ಯದ ಪ್ರದರ್ಶನ ಪಂದ್ಯಗಳಲ್ಲಿ ಅಭಿಮಾನಿಗಳ ಜೊತೆ ಆಡಿ, ಫೋಟೊ ತೆಗೆಸಿಕೊಂಡು ಗಳಿಸುವವರು ಬಹಳ ಮಂದಿ. ಆದರೆ ಇವೆಲ್ಲ ಟಿವಿಯಲ್ಲಿ ಮುಖ ಕಂಡವರನ್ನು ಹುಡುಕಿಕೊಂಡು ಬರುತ್ತವೆ. 2019ರ ಡಿಸೆಂಬರ್‌ನಲ್ಲಿ ಫ್ಯಾಲನ್ ಶೆರಾಕ್ ಪಿಡಿಸಿ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದರು, ಮುಂದಿನ ಸುತ್ತಲ್ಲಿ ಮೆನ್ಸುರ್ ಸುಲ್ಯೊವಿಚ್ ಅವರನ್ನೂ ಸೋಲಿಸಿದರು. ಆ ಎರಡು ರಾತ್ರಿಗಳು ಅವರ ಬದುಕನ್ನೇ ಬದಲಿಸಿದವು. 100ನೇ ಕ್ರಮಾಂಕದಲ್ಲಿ ಇರುವವರಿಗೆ ಪ್ರಾಯೋಜಕರು ಅಂದರೆ ಸಾಮಾನ್ಯವಾಗಿ ಒಂದಿಷ್ಟು ಸಾಮಾನು, ಪೆಟ್ರೋಲ್ ಖರ್ಚು.

ಅದಕ್ಕೇ ಕಾರ್ಡ್ ಇರುವವರಲ್ಲೂ ಎಷ್ಟೋ ಮಂದಿ ಕೆಲಸ ಬಿಟ್ಟಿರುವುದಿಲ್ಲ. ವೇಲ್ಸ್‌ನ ಜಾನಿ ಕ್ಲೇಟನ್ ಸ್ಥಳೀಯ ಆಡಳಿತದಲ್ಲಿ ಗೋಡೆಗೆ ಗಿಲಾವು ಮಾಡುವ ಕೆಲಸದಲ್ಲಿದ್ದವರು. 2021ರಲ್ಲಿ ಡಾರ್ಟ್ಸ್‌ನ ಪ್ರೀಮಿಯರ್ ಲೀಗ್ ಟೂರ್ನಿ ಗೆದ್ದಾಗಲೂ ಆ ಕೆಲಸ ಅವರ ಕೈಯಲ್ಲಿತ್ತು. ಕೆಲಸ ಇದ್ದರೆ ಆಟದ ಮೇಲೆ ಗಮನ ಇಲ್ಲ ಅಂತ ಯಾರಾದರೂ ಹೇಳಿದರೆ ಕ್ಲೇಟನ್ ಹೆಸರು ಹೇಳಿ. ಮನೆ ಬಾಡಿಗೆ ಈ ಡಬಲ್ ಮೇಲೆ ನಿಂತಿದೆ ಅಂತ ಮನಸ್ಸಿನಲ್ಲಿ ಇಟ್ಟುಕೊಂಡು ಎಸೆಯುವ ಕೈಗೂ, ಆ ಚಿಂತೆ ಇಲ್ಲದ ಕೈಗೂ ಬಹಳ ವ್ಯತ್ಯಾಸ ಇರುತ್ತದೆ.

ಡಬಲ್ (ಬೋರ್ಡಿನ ಹೊರ ಅಂಚಿನ ಇಮ್ಮಡಿ ಅಂಕದ ಪಟ್ಟಿ) ಅಂದೆನಲ್ಲ, ನಿಮ್ಮ ಪ್ರಶ್ನೆಯಲ್ಲಿ ಇಲ್ಲದ ಎರಡನೇ ವಿಷಯ ಅದು. 180 ಹೊಡೆಯುತ್ತೀರಿ ಅಂದಿರಿ. ಡಬಲ್‌ಗೆ ಎಸೆದ ನೂರರಲ್ಲಿ ಎಷ್ಟು ಬೀಳುತ್ತವೆ? 40 ಬಿದ್ದರೆ ಟೂರ್ ಮಟ್ಟದಲ್ಲಿ ಒಳ್ಳೆಯದು. ಲೆಗ್ ಮುಗಿಯುವುದು ಡಬಲ್‌ನಲ್ಲೇ, 180 ಹೊಡೆದು ಯಾರೂ ಲೆಗ್ ಗೆದ್ದಿಲ್ಲ. ಯಾವ ಡಬಲ್ ಉಳಿಸಿಕೊಳ್ಳಬೇಕು ಅನ್ನುವುದೂ ಒಂದು ವಿದ್ಯೆ. 32 ಉಳಿದಾಗ ಡಬಲ್ 16 ತಪ್ಪಿ ಒಳಗಿನ 16ಕ್ಕೆ ಬಿದ್ದರೆ ಡಬಲ್ 8 ಉಳಿಯುತ್ತದೆ, ಅದೂ ಹಾಗೇ ತಪ್ಪಿದರೆ ಡಬಲ್ 4, ಆಮೇಲೆ 2, ಆಮೇಲೆ 1. ಪ್ರತಿ ಸಲವೂ ಡಬಲ್ ಕೈಯಲ್ಲೇ ಇರುತ್ತದೆ. 40 ಉಳಿದರೆ 20, 10, 5 ಅಂತ ಬಂದು ಅಲ್ಲಿ ಬೆಸ ಸಂಖ್ಯೆಗೆ ಸಿಕ್ಕಿಬೀಳುತ್ತೀರಿ, ಸರಿ ಮಾಡಿಕೊಳ್ಳಲು ಒಂದು ಡಾರ್ಟ್ ದಂಡ. ಹಾಗಂತ ಡಬಲ್ 20 ಕೆಟ್ಟದ್ದಲ್ಲ, ಅದನ್ನೇ ನಂಬಿದ ಚಾಂಪಿಯನ್‌ಗಳಿದ್ದಾರೆ. ಒತ್ತಡದಲ್ಲಿ ಯೋಚಿಸದೆ ಕೈ ಎಲ್ಲಿಗೆ ಹೋಗುತ್ತದೋ ಅದು ನಿಮ್ಮ ಡಬಲ್. ಮೂರು ಡಾರ್ಟಿನಲ್ಲಿ ಮುಗಿಸಬಹುದಾದ ಗರಿಷ್ಠ ಅಂಕ 170, ಅಲ್ಲಿಂದ ಕೆಳಗಿನ ಎಲ್ಲ ಲೆಕ್ಕ ಬಾಯಿಪಾಠ ಆಗಿರಬೇಕು. ಮೊದಲ ಡಾರ್ಟ್ ತಪ್ಪಿದಾಗ ಎರಡನೆಯದು ಎಲ್ಲಿಗೆ ಅಂತ ನಿಂತು ಯೋಚಿಸಿದರೆ ಲಯ ಹೋಯಿತು.

ಅಭ್ಯಾಸದ ಬಗ್ಗೆ ಒಂದು ಗಟ್ಟಿ ಅಭಿಪ್ರಾಯ ಹೇಳುತ್ತೇನೆ. ಟ್ರೆಬಲ್ 20ಕ್ಕೆ (20ರ ಮುಮ್ಮಡಿ ಅಂಕದ ಪಟ್ಟಿಗೆ) ಸುಮ್ನೆ ಗಂಟೆಗಟ್ಟಲೆ ಎಸೆಯುವುದು ಕೈಗೆ ಸುಖ, ಆಟಕ್ಕೆ ಲಾಭ ಕಡಿಮೆ. ತಪ್ಪಿದರೆ ನಷ್ಟ ಆಗಬೇಕು, ಆಗಲೇ ಅದು ಅಭ್ಯಾಸ. 1988ರ ವಿಶ್ವ ಚಾಂಪಿಯನ್ ಬಾಬ್ ಆ್ಯಂಡರ್ಸನ್ ಹೆಸರಿನ ಬಾಬ್ಸ್ 27 ಎಂಬ ಆಟ ಇದಕ್ಕೆ ಹೇಳಿ ಮಾಡಿಸಿದ್ದು. 27 ಅಂಕದಿಂದ ಶುರು. ಡಬಲ್ 1ಕ್ಕೆ ಮೂರು ಡಾರ್ಟ್, ಆಮೇಲೆ ಡಬಲ್ 2ಕ್ಕೆ ಮೂರು, ಹೀಗೆ 20ರವರೆಗೆ, ಕೊನೆಗೆ ಬುಲ್, ಅಂದರೆ ಬೋರ್ಡಿನ ನಡುಬೊಟ್ಟು. ಬಿದ್ದ ಪ್ರತಿ ಡಾರ್ಟಿಗೆ ಆ ಡಬಲ್‌ನ ಬೆಲೆ ಕೂಡುತ್ತದೆ. ಮೂರೂ ತಪ್ಪಿದರೆ ಅಷ್ಟು ಕಳೆಯುತ್ತದೆ. ಸೊನ್ನೆಗೆ ಇಳಿದರೆ ಆಟ ಮುಗಿಯಿತು. ಡಬಲ್ 16ರ ಹತ್ತಿರ ಬಂದಾಗ ಕೈ ನಡುಗುವುದು ನಿಮಗೇ ಗೊತ್ತಾಗುತ್ತದೆ. ಇನ್ನೊಂದು, 121 ಅನ್ನು ಒಂಬತ್ತು ಡಾರ್ಟಿನಲ್ಲಿ ಮುಗಿಸುವುದು. ಅದು ಮುಗಿದರೆ 122ಕ್ಕೆ ಹೋಗುವುದು. ದಿನಾ ಒಂದೂವರೆ ಗಂಟೆ ಹೀಗೆ ಮಾಡಿದರೆ ಕೆಲಸ ಮುಗಿಸಿ ಬಂದ ಸಂಜೆಗೂ ಹೊಂದುತ್ತದೆ.

ಮನಸ್ಸಿನ ವಿಷಯವನ್ನು ಆಟಗಾರರು ಮೊದಲೆಲ್ಲ ಮುಚ್ಚಿಡುತ್ತಿದ್ದರು, ಈಗ ಬಾಯಿ ಬಿಟ್ಟು ಹೇಳುತ್ತಾರೆ. ನನಗೆ ಇದು ಬಹಳ ಸಮಾಧಾನ ಕೊಟ್ಟ ಬದಲಾವಣೆ. ಡಾರ್ಟೈಟಿಸ್ ಅಂತ ಒಂದು ತೊಂದರೆ ಇದೆ. ಕೈ ಹಿಂದಕ್ಕೆ ಬರುತ್ತದೆ, ಆದರೆ ಡಾರ್ಟ್ ಬಿಡಲು ಬೆರಳು ಒಪ್ಪುವುದಿಲ್ಲ. ಐದು ಸಲ ವಿಶ್ವ ಚಾಂಪಿಯನ್ ಆಗಿದ್ದ ಎರಿಕ್ ಬ್ರಿಸ್ಟೋ ಅವರಿಗೇ ಎಂಬತ್ತರ ದಶಕದ ಕೊನೆಯಲ್ಲಿ ಇದು ಅಂಟಿತು. ಆಮೇಲೂ ಅವರು ಫೈನಲ್‌ಗಳನ್ನು ತಲುಪಿದರು, ಆದರೆ ಆರನೇ ಪ್ರಶಸ್ತಿ ಬರಲಿಲ್ಲ. 2017ರಲ್ಲಿ ಬೆರಿ ವಾನ್ ಪೀರ್ ಇದರಿಂದ ವೇದಿಕೆಯ ಮೇಲೆ ಕಣ್ಣೀರಾದರು. ನೇಥನ್ ಆಸ್ಪಿನಾಲ್ ಇದರ ಜೊತೆ ಹೋರಾಡುತ್ತಲೇ 2023ರ ವಿಶ್ವ ಮ್ಯಾಚ್‌ಪ್ಲೇ ಎಂಬ ದೊಡ್ಡ ಟೂರ್ನಿ ಗೆದ್ದರು. 2024ರ ವಿಶ್ವ ಚಾಂಪಿಯನ್ ಲೂಕ್ ಹಂಫ್ರೀಸ್ ತಮ್ಮ ಆತಂಕದ ಸಮಸ್ಯೆ ಬಗ್ಗೆ ಎಷ್ಟೋ ಸಲ ಮಾತಾಡಿದ್ದಾರೆ. ನಿಮಗೆ ಯಾವಾಗಲಾದರೂ ಡಾರ್ಟ್ ಬಿಡುವ ಕ್ಷಣದಲ್ಲಿ ಕೈ ಹಿಡಿದಂತೆ ಅನ್ನಿಸಿದರೆ, ಹೆಚ್ಚು ಎಸೆದು ಸರಿ ಮಾಡುತ್ತೇನೆ ಅಂತ ಹಟ ಹಿಡಿಯಬೇಡಿ. ಕೆಲವು ದಿನ ಬಿಡಿ, ಕ್ರೀಡಾ ಮನಶ್ಶಾಸ್ತ್ರ ಗೊತ್ತಿರುವವರನ್ನು ಕಾಣಿ. ಕುಡಿದು ಕೈ ಸಡಿಲ ಮಾಡಿಕೊಳ್ಳುವ ಹಳೆಯ ರೂಢಿಯಂತೂ ಬೇಡವೇ ಬೇಡ. ಅದು ಒಳ್ಳೊಳ್ಳೆಯ ಆಟಗಾರರ ಆರೋಗ್ಯ ತಿಂದಿದೆ.

ಇನ್ನು ವಯಸ್ಸು. ಲಿಟ್ಲರ್ 2025ರ ಜನವರಿಯಲ್ಲಿ ಮೈಕೆಲ್ ವಾನ್ ಗರ್ವೆನ್ ಅವರನ್ನು 7-3ರಿಂದ ಸೋಲಿಸಿ ಚಾಂಪಿಯನ್ ಆದಾಗ ವಯಸ್ಸು 17. ಅದಕ್ಕಿಂತ ಚಿಕ್ಕ ವಯಸ್ಸಿನಲ್ಲಿ ಯಾರೂ ಈ ಪ್ರಶಸ್ತಿ ಗೆದ್ದಿರಲಿಲ್ಲ. ಆದರೆ ಅವರು ನಡೆಯಲು ಕಲಿತ ಕಾಲದಲ್ಲೇ ಮ್ಯಾಗ್ನೆಟ್ ಬೋರ್ಡಿಗೆ ಎಸೆಯಲು ಶುರು ಮಾಡಿದವರು. ಅವರ 17ರ ಹಿಂದೆ ಹದಿನೈದು ವರ್ಷದ ಆಟ ಇದೆ. ನೀವು ನೋಡಬೇಕಾದ ಹಾದಿಗಳು ಬೇರೆ. 16 ವಿಶ್ವ ಪ್ರಶಸ್ತಿ ಗೆದ್ದ ಫಿಲ್ ಟೇಲರ್ ಈ ಆಟವನ್ನು ಗಂಭೀರವಾಗಿ ತೆಗೆದುಕೊಂಡಿದ್ದು ಇಪ್ಪತ್ತರ ನಡುವಿನಲ್ಲಿ, ಕಾರ್ಖಾನೆ ಕೆಲಸ ಮಾಡುತ್ತಾ. 1990ರಲ್ಲಿ ಮೊದಲ ಪ್ರಶಸ್ತಿ ಗೆದ್ದಾಗ ಅವರಿಗೆ 29, ಫೈನಲ್‌ನಲ್ಲಿ ಸೋತವರು ಅವರಿಗೆ ಹಣ ಕೊಟ್ಟು ಬೆಳೆಸಿದ ಬ್ರಿಸ್ಟೋ. ಗ್ಯಾರಿ ಆ್ಯಂಡರ್ಸನ್ ಮೊದಲ ಸಲ ವಿಶ್ವ ಚಾಂಪಿಯನ್ ಆಗಿದ್ದು 44ರಲ್ಲಿ. ಪೀಟರ್ ರೈಟ್ 1995ರಲ್ಲಿ ಒಮ್ಮೆ ವಿಶ್ವ ಚಾಂಪಿಯನ್‌ಷಿಪ್ ಆಡಿ ವರ್ಷಗಟ್ಟಲೆ ದೂರ ಉಳಿದರು, ಮತ್ತೆ ಬಂದು 2020ರಲ್ಲಿ 49ನೇ ವಯಸ್ಸಿನಲ್ಲಿ ಗೆದ್ದರು. ಸಿಂಗಪುರದ ಪಾಲ್ ಲಿಮ್ 1990ರಲ್ಲಿ ವಿಶ್ವ ಚಾಂಪಿಯನ್‌ಷಿಪ್‌ನ ಮೊದಲ ಒಂಬತ್ತು ಡಾರ್ಟಿನ ಲೆಗ್ ಆಡಿದವರು, ಎಪ್ಪತ್ತು ದಾಟಿದ ಮೇಲೂ ಆಡುತ್ತಿದ್ದಾರೆ. ಅಂಚೆ ಹಂಚುತ್ತಿದ್ದ ರೇಮಂಡ್ ವಾನ್ ಬಾರ್ನೆವೆಲ್ಡ್ ಐದು ವಿಶ್ವ ಪ್ರಶಸ್ತಿ ಗೆದ್ದು, 2019ರಲ್ಲಿ ನಿವೃತ್ತಿ ಹೇಳಿ, 2021ರಲ್ಲಿ ಎಲ್ಲರಂತೆ ಕ್ಯೂ-ಸ್ಕೂಲಿನ ಸಾಲಿನಲ್ಲಿ ನಿಂತು ಕಾರ್ಡ್ ಗೆದ್ದರು.

ಹಾಗಂತ ದೇಹಕ್ಕೆ ಏನೂ ಆಗುವುದಿಲ್ಲ ಅಂತಲ್ಲ. ಭುಜ, ಮೊಣಕೈ, ಮಣಿಕಟ್ಟು, ಸೊಂಟ ನೋಯುತ್ತವೆ. ನಲವತ್ತರ ನಂತರ ಕಣ್ಣು ಬದಲಾಗುತ್ತದೆ, 2.37 ಮೀಟರ್ ದೂರದ ಬೋರ್ಡಿನ ತಂತಿ ಕೆಲವರಿಗೆ ಮಸುಕಾಗಬಹುದು. ಕನ್ನಡಕ ಹಾಕಿ ಮತ್ತೆ ಲಯ ಹುಡುಕಲು ತಿಂಗಳುಗಳೇ ಬೇಕಾಗಬಹುದು. ಈಗಿನಿಂದಲೇ ಭುಜಕ್ಕೆ, ಬೆನ್ನಿಗೆ ವ್ಯಾಯಾಮ ಮಾಡಿ.

ಹಾಗಾದರೆ ಈಗ ಏನು ಮಾಡಬೇಕು? ಮುಂದಿನ ಆರು ತಿಂಗಳು ಕೈಗೆ ಸಿಗುವ ಎಲ್ಲ ಓಪನ್ ಟೂರ್ನಿಗಳಲ್ಲಿ, ಲೀಗ್‌ಗಳಲ್ಲಿ ಆಡಿ. ಅಪರಿಚಿತರ ಜೊತೆ ಆಡಿ, ನಿಮ್ಮನ್ನು ಸೋಲಿಸುವವರನ್ನು ಹುಡುಕಿಕೊಂಡು ಹೋಗಿ. ಪ್ರತಿ ಪಂದ್ಯದ ಆವರೇಜ್ ಮತ್ತು ಡಬಲ್ ಲೆಕ್ಕ ಬರೆದಿಡಿ. ಕೊನೆಗೆ ಅತಿ ಕೆಟ್ಟ ಕಾಲು ಭಾಗದ ಪಂದ್ಯಗಳನ್ನು ಮಾತ್ರ ಬೇರೆ ತೆಗೆದು ಸರಾಸರಿ ನೋಡಿ. ಅದು 80ರ ಹತ್ತಿರ ಬಂದಿದ್ದರೆ ನಿಮ್ಮ ಸಾಧಾರಣ ಆಟ 90ರ ಆಸುಪಾಸಿಗೆ ಏರಿದೆ ಅಂತರ್ಥ, ಕ್ಯೂ-ಸ್ಕೂಲಿಗೆ ಹೆಸರು ಕೊಡಿ. 65ರಲ್ಲಿ ಇದ್ದರೆ ಇನ್ನೊಂದು ವರ್ಷ ಲೀಗ್ ಆಡಿ, ಶುಲ್ಕದ ದುಡ್ಡನ್ನು ಪ್ರಯಾಣಕ್ಕೆ ಇಟ್ಟುಕೊಳ್ಳಿ. ಕಾರ್ಡ್ ಸಿಕ್ಕರೂ ಮೊದಲ ವರ್ಷ ಅರೆಕಾಲಿಕ ಕೆಲಸವನ್ನಾದರೂ ಇಟ್ಟುಕೊಳ್ಳಿ. ಪೂರ್ತಿ ಬಿಡುವ ಮಾತು ಎರಡು ವರ್ಷದ ಪ್ರಯಾಣ ಮತ್ತು ಮನೆ ಖರ್ಚು ಕೈಯಲ್ಲಿ ಇದ್ದಾಗ, ಅಥವಾ ಕ್ರಮಾಂಕ 64ರ ಒಳಗೆ ಬಂದಾಗ.

ಒಂದು ಎಚ್ಚರಿಕೆ: ಕಾರ್ಡ್ ಬಂದ ಮೇಲೆ ಡಾರ್ಟ್ಸ್ ಮೇಲೆ ಬಾಜಿ ಕಟ್ಟುವಂತಿಲ್ಲ, ಸ್ನೇಹಿತರ ಜೊತೆ ತಮಾಷೆಗೂ ಇಲ್ಲ. ಡಾರ್ಟ್ಸ್ ರೆಗ್ಯುಲೇಷನ್ ಅಥಾರಿಟಿ ಇದರಲ್ಲಿ ಬಹಳ ಕಟ್ಟುನಿಟ್ಟು, ವರ್ಷಗಟ್ಟಲೆ ನಿಷೇಧಕ್ಕೆ ಒಳಗಾದವರಿದ್ದಾರೆ.

ಕ್ಯೂ-ಸ್ಕೂಲ್ ಜನವರಿಯಲ್ಲಿ, ಅದೂ ವಾರದ ಮಧ್ಯದ ದಿನಗಳೂ ಸೇರಿ ನಡೆಯುತ್ತದೆ. ಗೋದಾಮಿನ ಮೇಲಧಿಕಾರಿಯ ಹತ್ತಿರ ಆ ವಾರದ ರಜೆಯ ಮಾತನ್ನು ಈಗಲೇ ಎತ್ತಿ.